ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೋ: ದೂರದ ಲೆಕ್ಕ, ಹೊತ್ತಿನ ಲೆಕ್ಕ

ಹಿಂದಿನವರು ದಾರಿಯನ್ನು ಹರದಾರಿ, ಗಾವುದಗಳಲ್ಲಿ ಹೇಳುತ್ತಿದ್ದರು. ಆದರೆ ಪಯಣಕ್ಕೆ ಹೊರಟವನು ಕೇಳುತ್ತಿದ್ದುದು ಗಾವುದವನ್ನಲ್ಲ, ಹೊತ್ತನ್ನು. ಹೊತ್ತು ಮುಳುಗುವುದರೊಳಗೆ ಊರು ಸೇರಬಹುದೆ, ಎತ್ತಿನ ಗಾಡಿಯಲ್ಲಿ ಎಷ್ಟು ದಿನದ ದಾರಿ ಎಂಬುವೇ ಅಂದಿನ ಪ್ರಶ್ನೆಗಳಾಗಿದ್ದುವು. ನಡುವೆ ಹೊಳೆ ತುಂಬಿ ಬಂದರೆ ಒಂದು ದಿನದ ದಾರಿ ನಾಲ್ಕು ದಿನದ ದಾರಿಯಾಗುತ್ತಿತ್ತು. ಗಾವುದ ಮಾತ್ರ ಅಷ್ಟೇ ಇರುತ್ತಿತ್ತು. ರೈಲು, ಮೋಟಾರುಗಳು ಬಂದ ಮೇಲೆ ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ದೊರೆಯುತ್ತದೆ ಎಂಬ ಗಣಿತ ಶಾಲೆಯ ಮಕ್ಕಳಿಗೂ ಬಾಯಿಪಾಠವಾಯಿತು. ವಿಮಾನಯಾನದಲ್ಲಿ, ಅದರಲ್ಲಿಯೂ ಭೂಮಂಡಲದ ಎರಡು ಕಡೆಗಳಲ್ಲಿರುವ ನಗರಗಳ ನಡುವಣ ಯಾನದಲ್ಲಿ, ಈ ಭಾಗಾಕಾರವು ನೆಚ್ಚತಕ್ಕುದಲ್ಲ. ಅಲ್ಲಿ ಹಳೆಯ ಕಾಲದ ತುಂಬಿದ ಹೊಳೆಗಳಂಥ ಅಡ್ಡಿಗಳು ಇನ್ನೂ ಇವೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಇದಕ್ಕೆ ಬೆಂಗಳೂರು ಮತ್ತು ಅಮೆರಿಕದ ಪಶ್ಚಿಮ ತೀರದ ಸ್ಯಾನ್‌ಫ್ರಾನ್ಸಿಸ್ಕೋ ನಗರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಉಚಿತ. ಮಠದ ಶಾಲೆಗಳಲ್ಲಿ ಓದಿ, ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಅನೇಕರು ಇಂದು ಆ ಕೊಲ್ಲಿಯ ಸುತ್ತಣ ಊರುಗಳಲ್ಲಿ ಉದ್ಯೋಗದ ನಿಮಿತ್ತ ನೆಲೆಸಿದ್ದಾರೆ. ಅವರ ತಂದೆತಾಯಿಗಳು ಇಲ್ಲಿಯ ಊರುಗಳಲ್ಲಿದ್ದಾರೆ. 'ಮಗ ಅಲ್ಲಿಂದ ಹೊರಟರೆ ಎಷ್ಟು ಹೊತ್ತಿಗೆ ಬಂದಾನು?' ಎಂಬ ಪ್ರಶ್ನೆಯು ಆ ಮನೆಗಳಲ್ಲಿ ಹಬ್ಬದ ದಿನ ಒಂದು ಬಗೆಯಾಗಿಯೂ ಕಷ್ಟದ ದಿನ ಇನ್ನೊಂದು ಬಗೆಯಾಗಿಯೂ ಕೇಳಿಸುತ್ತದೆ. ಉತ್ತರವನ್ನು ಗಂಟೆಗಳಲ್ಲಿ ಹೇಳಬೇಕಾದರೆ ಮೊದಲು ದೂರವೆಂದರೇನೆಂಬುದನ್ನೇ ವಿಚಾರಿಸಬೇಕಾಗುತ್ತದೆ.

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಪ್ರಪಂಚದ ನಕಾಶೆಯನ್ನು ನೋಡಿದವರು ಬೆಂಗಳೂರಿನಿಂದ ಎಡಕ್ಕೆ ಒಂದು ಗೆರೆ ಎಳೆಯುತ್ತಾರೆ. ಅದು ಅರಬ್ಬೀ ಸಮುದ್ರವನ್ನು ದಾಟಿ, ಯೆಮೆನ್ ದೇಶವನ್ನೂ ಸಹಾರಾ ಮರುಭೂಮಿಯನ್ನೂ ಹಾಯ್ದು, ಅಟ್ಲಾಂಟಿಕ್ ಸಾಗರದ ಮೇಲಿಂದ ಅಮೆರಿಕಕ್ಕೆ ಹೋಗುತ್ತದೆ. ನೋಡಲು ಅದೇ ನೇರವಾದ ದಾರಿ. ಆದರೆ ಅಂಥ ನಕಾಶೆಗಳು ಬಹುಮಟ್ಟಿಗೆ 1569ರಲ್ಲಿ ಮರ್ಕೇಟರ್ ಎಂಬ ಭೂಗೋಳಜ್ಞನು ನಾವಿಕರಿಗಾಗಿ ರೂಪಿಸಿದ ಪದ್ಧತಿಯಲ್ಲಿ ಬರೆದವು. ದುಂಡಗಿನ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಹಾಸುವುದಕ್ಕಾಗಿ ಆ ಪದ್ಧತಿಯು ಧ್ರುವಗಳ ಕಡೆಯ ನೆಲವನ್ನು ಬಹಳವಾಗಿ ಹಿಗ್ಗಿಸುತ್ತದೆ. ಗ್ರೀನ್‌ಲ್ಯಾಂಡ್ ದ್ವೀಪವು ಅದರಲ್ಲಿ ಆಫ್ರಿಕ ಖಂಡದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವವಾಗಿ ಆಫ್ರಿಕವು ಅದರ ಹದಿನಾಲ್ಕು ಪಟ್ಟು ದೊಡ್ಡದು. ನಕಾಶೆಯ ಮೇಲಿನ ಆ 'ನೇರ' ಗೆರೆಯನ್ನು ಹಿಡಿದು ಹೋದರೆ ಹಾರಬೇಕಾದ ದೂರ ಸುಮಾರು 20,000 ಕಿಲೋಮೀಟರು. ನಿಜವಾಗಿ ಅತ್ಯಂತ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರು ಮಾತ್ರ. ಕಾಗದವನ್ನು ನಂಬಿದವನು ಆರು ಸಾವಿರ ಕಿಲೋಮೀಟರು, ಅಂದರೆ ಆರೂವರೆ ಗಂಟೆಗೂ ಹೆಚ್ಚಿನ ಹಾರಾಟವನ್ನು ವ್ಯರ್ಥವಾಗಿ ಕಳೆದಂತಾಗುತ್ತದೆ.

ಇದನ್ನು ತರಗತಿಯಲ್ಲಿ ತೋರಿಸುವುದಕ್ಕೆ ಒಂದು ಗ್ಲೋಬು ಮತ್ತು ಒಂದು ಮೊಳ ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆದರೆ, ದಾರವು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಏರಿ, ಭೂಮಿಯ ನೆತ್ತಿಯ ಬಳಿ ಸುತ್ತಿ, ಆಚೆಯ ಕಡೆ ಇಳಿಯುತ್ತದೆ. ಗೋಲದ ಮೇಲಿನ ಎರಡು ಬಿಂದುಗಳ ನಡುವೆ ಅತ್ಯಂತ ಕಿರಿದಾದ ಈ ದಾರಿಗೆ ಮಹಾವೃತ್ತವೆಂದು ಹೆಸರು. ಬೆಂಗಳೂರು ಸುಮಾರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್‌ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿದೆ. ಎರಡಕ್ಕೂ ನಡುವಣ ಅಂತರ ಒಂದು ಕಡೆಯಿಂದ 200 ಡಿಗ್ರಿ, ಇನ್ನೊಂದು ಕಡೆಯಿಂದ 160 ಡಿಗ್ರಿ. ಸರಿಯಾಗಿ 180 ಡಿಗ್ರಿ ಇದ್ದಿದ್ದರೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮೇಲೆಯೇ ಹೋಗಬೇಕಾಗುತ್ತಿತ್ತು. ಇಪ್ಪತ್ತು ಡಿಗ್ರಿ ಕಡಿಮೆಯಿರುವುದರಿಂದ ಅದು ಧ್ರುವವನ್ನು ಮುಟ್ಟದೆ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ತಿರುಗುತ್ತದೆ. ಈ ಕಮಾನು ಭೂಮಿಯ ಕೇಂದ್ರದಲ್ಲಿ ಮಾಡುವ ಕೋನ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಮೇಲೆ ಹೇಳಿದ 14,000 ಕಿಲೋಮೀಟರು ಬರುತ್ತದೆ. ಪ್ರೌಢಶಾಲೆಯ ಮೇಲ್ತರಗತಿಯ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಆ ದಾರದ ಕೆಳಗೆ ಯಾವ ಯಾವ ಸ್ಥಳಗಳು ಬರುತ್ತವೆಂಬುದು ಕುತೂಹಲಕರವಾದ ವಿಷಯ. ದೇವನಹಳ್ಳಿಯ ನಿಲ್ದಾಣದಿಂದ ಗೆರೆಯು ಉತ್ತರಕ್ಕೆ ಸುಮಾರು ಇಪ್ಪತ್ತು ಡಿಗ್ರಿ ಪೂರ್ವವಾಗಿ ಹೊರಡುತ್ತದೆ. ಮುನ್ನೂರು ಚಿಲ್ಲರೆ ಕಿಲೋಮೀಟರು ಹೋಗುವಷ್ಟರಲ್ಲಿ ಅದು ಶ್ರೀಶೈಲಕ್ಕೆ ಹತ್ತು ಹನ್ನೆರಡು ಕಿಲೋಮೀಟರಿನಷ್ಟು ಸಮೀಪದಲ್ಲಿ ಹಾದುಹೋಗುತ್ತದೆ. ಅಕ್ಕಮಹಾದೇವಿಯು ಕಲ್ಯಾಣದಿಂದ ಕಾಡುಮೇಡುಗಳನ್ನು ಹಾಯ್ದು ಕಾಲ್ನಡಿಗೆಯಲ್ಲಿ ಸೇರಿದ ಆ ಗಿರಿಯು ಈ ಲೆಕ್ಕದಂತೆ ವಿಮಾನಕ್ಕೆ ಅರ್ಧ ಗಂಟೆಯ ದಾರಿಯೂ ಅಲ್ಲ. ಅಲ್ಲಿಂದ ಮುಂದೆ ತೆಲಂಗಾಣ, ಮಧ್ಯಭಾರತದ ಅರಣ್ಯಗಳು. ಆಮೇಲೆ ಕಾಶಿಗೆ ಸುಮಾರು ಐವತ್ತು ಕಿಲೋಮೀಟರು ಪಶ್ಚಿಮಕ್ಕೆ, ಮಿರ್ಜಾಪುರದ ಬಳಿ ಗಂಗೆಯನ್ನು ದಾಟುತ್ತದೆ. ಭಾರತದ ಗಡಿಯಾರಗಳೆಲ್ಲ ಅನುಸರಿಸುವ 82.5 ಡಿಗ್ರಿ ರೇಖಾಂಶವು ಹಾಯುವುದೂ ಇದೇ ಮಿರ್ಜಾಪುರದ ಬಳಿಯೆಂಬುದು ಒಂದು ಸೋಜಿಗ. ಬಳಿಕ ನೇಪಾಳ, ಟಿಬೆಟ್ಟು, ಚೀನದ ಪಶ್ಚಿಮ ಭಾಗದ ಮರುಭೂಮಿ, ಸೈಬೀರಿಯ, ಹೆಪ್ಪುಗಟ್ಟಿದ ಉತ್ತರ ಸಾಗರದ ಅಂಚು, ಅಲಾಸ್ಕ, ಕೊನೆಗೆ ಪೆಸಿಫಿಕ್ ಸಾಗರದ ಮೇಲಿಂದ ಸ್ಯಾನ್‌ಫ್ರಾನ್ಸಿಸ್ಕೋ. ಗಣಿತದ ಪ್ರಕಾರ ಇದೇ ರಾಜಮಾರ್ಗ. ಆದರೆ ವಿಮಾನವು ಈ ಗೆರೆಯನ್ನು ಹಾಗೆಯೇ ಹಿಡಿದು ಹಾರುವುದಿಲ್ಲ.

ಮೊದಲನೆಯ ಅಡ್ಡಿ ಹಿಮಾಲಯ. ವಿಮಾನಗಳು ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹಾರುವಾಗ ಎವರೆಸ್ಟ್ ಶಿಖರವೂ ಕೆಳಗೇ ಉಳಿಯುತ್ತದಷ್ಟೆ, ಹಾಗಿದ್ದಮೇಲೆ ಅಡ್ಡಿ ಹೇಗೆ ಎಂದು ಕೇಳಬಹುದು. ಅಪಾಯವಿರುವುದು ಶಿಖರಗಳ ಎತ್ತರದಲ್ಲಿಯೇ ಅಲ್ಲ, ಅವುಗಳ ಹಿಂದಿರುವ ಟಿಬೆಟ್ಟಿನ ಪ್ರಸ್ಥಭೂಮಿಯ ವಿಸ್ತಾರದಲ್ಲಿ. ವಿಮಾನದ ಒಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ಪ್ರಯಾಣಿಕರಿಗೆ ಮುಖವಾಡದ ಮೂಲಕ ಆಮ್ಲಜನಕ ದೊರೆಯುತ್ತದೆ. ಸಾಮಾನ್ಯ ವಿಮಾನಗಳಲ್ಲಿ ಅದು ಹತ್ತಿಪ್ಪತ್ತು ನಿಮಿಷಕ್ಕೆ ಮಾತ್ರ ಸಾಲುತ್ತದೆ. ಅಷ್ಟರೊಳಗೆ ವಿಮಾನವನ್ನು ಮೂರು ಸಾವಿರ ಮೀಟರಿನ ಆಸುಪಾಸಿಗೆ ಇಳಿಸಬೇಕು. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಆದುದರಿಂದ ದೂರಯಾನದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು, ಪಶ್ಚಿಮದಲ್ಲಿ ಮಧ್ಯ ಏಷ್ಯಾದ ಮೇಲೋ ಪೂರ್ವದಲ್ಲಿ ಆಗ್ನೇಯ ಏಷ್ಯಾ ಹಾಗೂ ಜಪಾನಿನ ಕಡೆಯಿಂದಲೋ ಹೋಗುತ್ತವೆ. ಹೀಗೆ 14,000 ಎಂಬ ಅಂಕಿಯು ಹೊರಡುವ ಮೊದಲೇ ಬೆಳೆಯುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಿ ಮುಂದುವರಿಯುವುದು ಒಳ್ಳೆಯದು. ಭೂಮಿಯು ತಾನೇ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು. ಹಾಗಾದರೆ ಆಕಾಶದಲ್ಲಿ ಸುಮ್ಮನೆ ನಿಂತಿದ್ದರೆ ಅಮೆರಿಕವೇ ಕಾಲಕೆಳಗೆ ಬರಬಾರದೇಕೆ? ಬರುವುದಿಲ್ಲ. ಏಕೆಂದರೆ ನೆಲದೊಡನೆ ಗಾಳಿಯೂ ತಿರುಗುತ್ತದೆ. ನೆಲದಿಂದ ಏರಿದ ವಿಮಾನವೂ ಆ ತಿರುಗುವಿಕೆಯನ್ನು ತನ್ನೊಡನೆಯೇ ಕೊಂಡೊಯ್ಯುತ್ತದೆ. ಓಡುವ ರೈಲಿನೊಳಗೆ ಮೇಲಕ್ಕೆ ಎಸೆದ ಚೆಂಡು ಮತ್ತೆ ಕೈಗೇ ಬರುವಂತೆ. ಭೂಮಿಯ ತಿರುಗುವಿಕೆಯಿಂದ ವಿಮಾನಕ್ಕೆ ಲಾಭನಷ್ಟಗಳು ಇಲ್ಲವೆಂದಲ್ಲ. ಅವು ಗಾಳಿಯ ಮೂಲಕ ಬರುತ್ತವೆ, ನೇರವಾಗಿ ಅಲ್ಲ.

ಸಮಭಾಜಕ ವೃತ್ತದ ಬಳಿ ಕಾದ ಗಾಳಿಯು ಮೇಲೇರಿ ಧ್ರುವಗಳ ಕಡೆಗೆ ಸಾಗುವಾಗ ಭೂಮಿಯ ತಿರುಗುವಿಕೆಯಿಂದಾಗಿ ಪೂರ್ವಕ್ಕೆ ಬಾಗುತ್ತದೆ. ಬಿಸಿ ಮತ್ತು ತಣ್ಣನೆಯ ಗಾಳಿಗಳು ಸಂಧಿಸುವ ಅಕ್ಷಾಂಶಗಳಲ್ಲಿ, ಸುಮಾರು ಒಂಬತ್ತರಿಂದ ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಅದು ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುವ ಕಿರಿದಾದ ಹೊಳೆಯಂತೆ ಆಗುತ್ತದೆ. ಇಂಗ್ಲಿಷಿನವರು ಇದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ರಭಸವಾಯು ಎಂದು ಕರೆಯಬಹುದು. ಇದರ ವೇಗ ಗಂಟೆಗೆ ನೂರರಿಂದ ಇನ್ನೂರು ಕಿಲೋಮೀಟರು. ಚಳಿಗಾಲದಲ್ಲಿ ಜಪಾನಿನ ಮೇಲೆ ಮುನ್ನೂರನ್ನು ಮೀರುವುದೂ ಉಂಟು. ಇದನ್ನು ಮೊದಲು ಅಳೆದವರಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ ಪ್ರಮುಖರು. ಅವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವುಗಳ ಚಲನೆಯನ್ನು ದೂರದರ್ಶಕದಿಂದ ಹಿಂಬಾಲಿಸಿ, ಮೇಲಿನ ಗಾಳಿಯ ವೇಗವನ್ನು ದಾಖಲಿಸಿದರು. ತಮ್ಮ ವರದಿಯನ್ನು ಪ್ರಪಂಚವೆಲ್ಲ ಓದಲೆಂಬ ಸದುದ್ದೇಶದಿಂದ 1926ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರಿಗಾಗಿ ಬರೆದುದನ್ನು ಹೊರಗಿನವರು ಓದಲೇ ಇಲ್ಲವೆನ್ನಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬು ವಿಮಾನಗಳು ಜಪಾನಿನ ಮೇಲೆ ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದ ಮೇಲೆಯೇ ಅದರ ಶಕ್ತಿಯು ಜಗತ್ತಿಗೆ ಚೆನ್ನಾಗಿ ತಿಳಿಯಿತು. ಭಾಷೆಯನ್ನು ಆರಿಸಿಕೊಳ್ಳುವುದೂ ವಿಜ್ಞಾನಿಯ ಕೆಲಸದ ಒಂದು ಭಾಗವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಗಾಳಿಯಿಂದ ಹೊತ್ತಿನ ಲೆಕ್ಕ ಹೇಗೆ ಬದಲಾಗುತ್ತದೆಂಬುದನ್ನು ಸರಳವಾಗಿ ನೋಡಬಹುದು. ದೊಡ್ಡ ಜೆಟ್ ವಿಮಾನವು ತನ್ನ ಸುತ್ತಲಿನ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರು ವೇಗದಿಂದ ಹಾರುತ್ತದೆ. ಬೆನ್ನ ಹಿಂದಿನಿಂದ ನೂರು ಕಿಲೋಮೀಟರು ವೇಗದ ಗಾಳಿ ಬೀಸಿದರೆ ನೆಲದ ಮೇಲಿನ ಲೆಕ್ಕದಲ್ಲಿ ಅದು 1,000 ಆಗುತ್ತದೆ. ಎದುರಿನಿಂದ ಬೀಸಿದರೆ 800 ಆಗುತ್ತದೆ. 14,000 ಕಿಲೋಮೀಟರು ದೂರಕ್ಕೆ ಒಂದರಲ್ಲಿ 14 ಗಂಟೆ, ಇನ್ನೊಂದರಲ್ಲಿ 17 ಗಂಟೆ 30 ನಿಮಿಷ. ದೂರ ಒಂದೇ, ವಿಮಾನ ಒಂದೇ. ಮೂರೂವರೆ ಗಂಟೆಯ ಅಂತರ ಗಾಳಿಯದು. ಗಂಟೆಗೆ ಏಳು ಟನ್ನಿನಷ್ಟು ಇಂಧನ ಸುಡುವ ವಿಮಾನಕ್ಕೆ ಇದು ಇಪ್ಪತ್ತೈದು ಟನ್ನಿನ ಮಾತು. ಆದುದರಿಂದ ವಿಮಾನ ಸಂಸ್ಥೆಗಳು ಪ್ರತಿದಿನವೂ ಗಾಳಿಯ ನಕಾಶೆಯನ್ನು ನೋಡಿ ಅಂದಿನ ದಾರಿಯನ್ನು ಅಂದೇ ನಿರ್ಧರಿಸುತ್ತವೆ. ನಿನ್ನೆಯ ದಾರಿ ಇಂದಿಲ್ಲ.

ಇದಕ್ಕೆ ಭಾರತದ ವಿಮಾನಯಾನದಲ್ಲಿಯೇ ಒಂದು ಸ್ಪಷ್ಟ ದೃಷ್ಟಾಂತವಿದೆ. ಏರ್ ಇಂಡಿಯಾ ಸಂಸ್ಥೆಯು 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ನೇರ ವಿಮಾನವನ್ನು ಆರಂಭಿಸಿದಾಗ ಅದು ಯೂರೋಪು ಮತ್ತು ಅಟ್ಲಾಂಟಿಕ್ ಮೇಲಿಂದ, ಸುಮಾರು 13,900 ಕಿಲೋಮೀಟರಿನ ದಾರಿಯಲ್ಲಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೂರ್ವಾಭಿಮುಖವಾಗಿ ತಿರುಗಿಸಿ ಪೆಸಿಫಿಕ್ ಸಾಗರದ ಮೇಲಿಂದ ಕಳುಹಿಸಲಾಯಿತು. ಈ ದಾರಿ ಸುಮಾರು 15,300 ಕಿಲೋಮೀಟರು. ಹಿಂದಿನದಕ್ಕಿಂತ 1,400 ಕಿಲೋಮೀಟರು ಹೆಚ್ಚು. ಆದರೂ ವಿಮಾನವು ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಹಳೆಯ ದಾರಿಗಿಂತ ಬೇಗನೆ, ಗುರಿ ಮುಟ್ಟಿತು. ಬಳಸುದಾರಿಯೇ ಹತ್ತಿರದ ದಾರಿಯಾಯಿತು.

ಹೋಗುವಾಗ ಬೆನ್ನಿಗೆ ಬಲವಾದ ಗಾಳಿಯೇ ಬರುವಾಗ ಎದುರಾಳಿ. ಅದನ್ನು ತಪ್ಪಿಸಿಕೊಳ್ಳುವ ಉಪಾಯಗಳಲ್ಲಿ ಧ್ರುವಮಾರ್ಗವೂ ಒಂದು. ಧ್ರುವದ ಸಮೀಪದಲ್ಲಿ ರಭಸವಾಯುವಿನ ಕಾಟ ಕಡಿಮೆ. ಸ್ಯಾನ್‌ಫ್ರಾನ್ಸಿಸ್ಕೋದಿಂದ ಧ್ರುವಕ್ಕೂ ಅಲ್ಲಿಂದ ಬೆಂಗಳೂರಿಗೂ ಇರುವ ದೂರವನ್ನು ಕೂಡಿಸಿದರೆ ಸುಮಾರು 14,370 ಕಿಲೋಮೀಟರು. ಮಹಾವೃತ್ತಕ್ಕಿಂತ ನಾನೂರು ಕಿಲೋಮೀಟರಿನಷ್ಟೂ ಹೆಚ್ಚಿಲ್ಲ. ಇಷ್ಟು ಅನುಕೂಲವಾದ ದಾರಿ ಬಹುಕಾಲ ಬಳಕೆಗೆ ಬರಲಿಲ್ಲ. ಸ್ಕ್ಯಾಂಡಿನೇವಿಯಾದ ವಿಮಾನ ಸಂಸ್ಥೆಯು 1954ರಲ್ಲಿಯೇ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲೀಸಿಗೆ ಉತ್ತರದ ಹಿಮಪ್ರದೇಶದ ಮೇಲೆ ಹಾರಿತ್ತಾದರೂ, ಧ್ರುವದ ಆಚೆಗಿನ ಸೋವಿಯತ್ ಆಕಾಶ ಹೊರಗಿನವರಿಗೆ ಮುಚ್ಚಿತ್ತು. ಆ ಒಕ್ಕೂಟವು 1991ರಲ್ಲಿ ವಿಸರ್ಜನೆಯಾದ ತರುವಾಯ ಬಾಗಿಲು ಕ್ರಮೇಣ ತೆರೆಯಿತು. ಕ್ಯಾಥೆ ಪೆಸಿಫಿಕ್ ಸಂಸ್ಥೆಯ ವಿಮಾನವೊಂದು 1998ರ ಜುಲೈನಲ್ಲಿ ನ್ಯೂಯಾರ್ಕಿನಿಂದ ಹಾಂಗ್‌ಕಾಂಗಿಗೆ ಧ್ರುವದ ಮೇಲಿಂದ ನೇರವಾಗಿ ಹಾರಿತು. ಏರ್ ಇಂಡಿಯಾ 2019ರ ಆಗಸ್ಟ್ 15ರಂದು ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೋ ವಿಮಾನವನ್ನು ಧ್ರುವಮಾರ್ಗದಲ್ಲಿ ಕಳುಹಿಸಿತು.

ಬೆಂಗಳೂರಿನ ಸರದಿ ಬಂದುದು 2021ರಲ್ಲಿ. ಆ ವರ್ಷದ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೋಯಿಂಗ್ 777 ಜಾತಿಯ ವಿಮಾನವೊಂದು ಹೊರಟು, ಉತ್ತರ ಧ್ರುವದ ಮೇಲೆ ಹಾದು, ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಈ ಎರಡು ನಗರಗಳ ನಡುವೆ ಅದು ಮೊದಲನೆಯ ನೇರಯಾನ. ಅದನ್ನು ನಡೆಸಿದವರು ನಾಲ್ವರೂ ಮಹಿಳೆಯರು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ ಮತ್ತು ಶಿವಾನಿ ಮನ್ಹಾಸ್. ಧ್ರುವದ ಮೇಲೆ ಹಾರುವುದು ಸಲೀಸಾದ ಕೆಲಸವಲ್ಲ. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಹೊರಗಿನ ಚಳಿಯಲ್ಲಿ ರೆಕ್ಕೆಯೊಳಗಿನ ಇಂಧನವು ಗಟ್ಟಿಯಾಗದಂತೆ ಸದಾ ಎಚ್ಚರವಿರಬೇಕು. ಸಾಮಾನ್ಯವಾಗಿ ಬಳಸುವ ಜೆಟ್ ಇಂಧನವು ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಶಾಲೆಯ ಬಾಲಕಿಯರಿಗೆ ಭೂಗೋಳದ ಪಾಠ ಹೇಳುವಾಗ ಈ ನಾಲ್ವರ ಹೆಸರನ್ನು ಹೇಳುವುದು ಯುಕ್ತ.

ದಾರಿಯನ್ನು ನಿರ್ಧರಿಸುವ ಇನ್ನೊಂದು ಸಂಗತಿ ಪ್ರಯಾಣಿಕರ ಗಮನಕ್ಕೆ ಬರುವುದೇ ಇಲ್ಲ. ಎರಡು ಎಂಜಿನ್ನುಗಳ ವಿಮಾನವು ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಿಂದ ನಿಗದಿಯಾದ ಹೊತ್ತಿನೊಳಗೆ ಯಾವುದಾದರೂ ನಿಲ್ದಾಣವನ್ನು ಸೇರುವಂತಿರಬೇಕೆಂಬುದು ನಿಯಮ. ಎಷ್ಟೇ ಹತ್ತಿರದ ದಾರಿಯಾದರೂ ನಡುವೆ ಇಳಿಯಲು ತಾವಿಲ್ಲದಿದ್ದರೆ ಆ ದಾರಿ ಇಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನವು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವದಂಚಿನ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಅಲ್ಲಿ ತಂಗಿದ್ದು, ಬೇರೆ ವಿಮಾನ ಬಂದ ಮೇಲೆ ಮುಂದೆ ಹೋದರು. ಭೂಪಟದಲ್ಲಿ ಯಾರೂ ಬೆರಳಿಟ್ಟು ನೋಡದ ಊರು ಅಂದು ಅಷ್ಟು ಜನರಿಗೆ ಆಸರೆಯಾಯಿತು.

ಇವೆಲ್ಲಕ್ಕೂ ಮಿಗಿಲಾದುದು ದೇಶದೇಶಗಳ ನಡುವಣ ವಿರಸ. ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು, ವಿಮಾನಕ್ಕೆ ಬೇಲಿಯುಂಟು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಣ ಆಕಾಶದ ಒಡೆತನವಿದೆ. ಪಾಕಿಸ್ತಾನವು 2019ರ ಫೆಬ್ರವರಿಯ ಕೊನೆಯಿಂದ ಜುಲೈ ಮಧ್ಯದವರೆಗೆ ತನ್ನ ಆಕಾಶವನ್ನು ಬಹುಮಟ್ಟಿಗೆ ಮುಚ್ಚಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯದ ಆಕಾಶ ಅಮೆರಿಕದ ಮತ್ತು ಯೂರೋಪಿನ ವಿಮಾನಗಳಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದಿತ್ತು. ಹೀಗೆ ಅದೇ ಎರಡು ನಗರಗಳ ನಡುವಣ ದಾರಿಯು ವಿಮಾನದ ಬಾಲದ ಮೇಲೆ ಬರೆದ ದೇಶದ ಹೆಸರಿನಂತೆ ಉದ್ದವೋ ಗಿಡ್ಡವೋ ಆಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ಮತ್ತೆ ತನ್ನ ಆಕಾಶವನ್ನು ಮುಚ್ಚಿದಾಗ ಮಧ್ಯ ಏಷ್ಯಾದಿಂದ ಭಾರತಕ್ಕೆ ಇಳಿಯುವ ನೇರವಾದ ಬಾಗಿಲೇ ಹಾಕಿದಂತಾಯಿತು. ಉತ್ತರ ಅಮೆರಿಕಕ್ಕೆ ಹೋಗಿಬರುವ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ಹಿಂದಿನ ಕಾಲದಲ್ಲಿ ಹೊಳೆ ತುಂಬಿದರೆ ಇಳಿಯುವವರೆಗೆ ಕಾಯುತ್ತಿದ್ದರು. ಈ ಹೊಳೆ ಎಂದು ಇಳಿಯುವುದೆಂದು ಯಾವ ಪಂಚಾಂಗವೂ ಹೇಳಲಾರದು.

ಇನ್ನು ಗಡಿಯಾರದ ಮಾತು. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರವು ಸ್ಯಾನ್‌ಫ್ರಾನ್ಸಿಸ್ಕೋದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲನೆಯ ಭಾನುವಾರದವರೆಗೆ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನವು ಹದಿನಾರು ಗಂಟೆ ಹಾರಿದರೆ ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ; ಎರಡೂವರೆ ಗಂಟೆಯ ಪಯಣವೋ ಎಂಬಂತೆ. ಮರಳುವಾಗ ಈ ಸಾಲವನ್ನು ಬಡ್ಡಿಸಹಿತ ತೀರಿಸಬೇಕು. 2021ರ ಆ ಮೊದಲನೆಯ ವಿಮಾನಕ್ಕೆ ನಿಗದಿಯಾಗಿದ್ದ ವೇಳೆ 9ರ ರಾತ್ರಿ 8.30ಕ್ಕೆ ಹೊರಟು 11ರ ಬೆಳಗಿನ ಜಾವ 3.45ಕ್ಕೆ ಇಳಿಯುವುದು. ಹಾರುವ ಹೊತ್ತು ಹದಿನೇಳೂಮುಕ್ಕಾಲು ಗಂಟೆಯಾದರೂ, ಜನವರಿ 10 ಎಂಬ ದಿನವು ಅದರ ಪ್ರಯಾಣಿಕರಿಗೆ ನೆಲದ ಮೇಲೆ ಇಲ್ಲವೇ ಇಲ್ಲ. ಹುಟ್ಟುಹಬ್ಬ ಅಂದೇ ಇದ್ದವರು ಆಕಾಶದಲ್ಲಿಯೇ ಆಚರಿಸಿಕೊಳ್ಳಬೇಕು.

ಹೀಗೆಂದು ಕೊರಗುವ ಕಾರಣವಿಲ್ಲ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್, ಜಪಾನುಗಳನ್ನು ನೋಡಿಕೊಂಡು, ಪೆಸಿಫಿಕ್ ದಾಟಿ ಕೆನಡದ ವ್ಯಾಂಕೂವರ್ ತಲುಪಿದ್ದು ಜುಲೈ 25ರಂದು. ಎಂಟು ವಾರಗಳಾಗಿದ್ದುವು.

ಮೇಲಿನ ಲೆಕ್ಕಗಳೆಲ್ಲ ಹಬ್ಬಕ್ಕೆ ಬರುವವರಿಗೆ ತಿಳಿದಿದ್ದರೂ ಆದೀತು, ತಿಳಿಯದಿದ್ದರೂ ಆದೀತು. ಮನೆಯ ಹಿರಿಯರು ಲಿಂಗೈಕ್ಯರಾದಾಗ ಹಾಗಲ್ಲ. ಲಿಂಗಾಯತ ಮನೆಗಳಲ್ಲಿ ಸಮಾಧಿ ಕ್ರಿಯೆಯನ್ನು ಸಾಮಾನ್ಯವಾಗಿ ಅದೇ ದಿನ, ತಪ್ಪಿದರೆ ಮರುದಿನ ನೆರವೇರಿಸುವುದು ರೂಢಿ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಕಾಯಬೇಕೆ, ಬೇಡವೆ ಎಂಬ ಮಾತು ಅಂಗಳದಲ್ಲಿ ನೆರೆದವರ ನಡುವೆ ಹುಟ್ಟುತ್ತದೆ. 'ಹದಿನೇಳು ಗಂಟೆಯ ದಾರಿ, ರಾತ್ರಿಗೆಲ್ಲ ಬಂದುಬಿಡುತ್ತಾನೆ' ಎಂದು ಒಬ್ಬರು ಹೇಳಿದರೆ ಉಳಿದವರು ತಲೆಯಾಡಿಸುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಗಂಟೆಗಂಟೆಯಾಗಿ ಎಣಿಸಿ ನೋಡಬೇಕು.

ಚಳಿಗಾಲದ ಒಂದು ಬೆಳಗ್ಗೆ 6 ಗಂಟೆಗೆ ದಾವಣಗೆರೆಯ ಕಡೆಯ ಊರಿನಲ್ಲಿ ಸಾವು ಸಂಭವಿಸಿತೆಂದು ಇಟ್ಟುಕೊಳ್ಳೋಣ. ಆಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಿಂದಿನ ದಿನದ ಸಂಜೆ 4.30. ಸುದ್ದಿ ಆ ಕ್ಷಣವೇ ಮುಟ್ಟಿತೆಂದೇ ಭಾವಿಸಿದರೂ, ರಾತ್ರಿ 8.30ರ ನೇರ ವಿಮಾನವಿದ್ದರೆ ಉಳಿದಿರುವುದು ನಾಲ್ಕೇ ಗಂಟೆ. ಅಂತರರಾಷ್ಟ್ರೀಯ ಯಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಟಿಕೆಟು, ಕಚೇರಿಯ ಅನುಮತಿ, ಮಕ್ಕಳ ಏರ್ಪಾಡು ಎಲ್ಲವೂ ಒಂದು ಗಂಟೆಯಲ್ಲಿ ಆಗಬೇಕು. ಅಮೆರಿಕದ ಪೌರತ್ವ ಪಡೆದವರಾಗಿದ್ದರೆ ಭಾರತ ಪ್ರವೇಶದ ಕಾಗದಪತ್ರವೂ ಸಿದ್ಧವಿರಬೇಕು. ಇವೆಲ್ಲ ಒದಗಿಬಂದು ಹೊರಟರೆ ಇಳಿಯುವುದು ಭಾರತದ ಮರುದಿನ ಬೆಳಗಿನ ಜಾವ 3.45ಕ್ಕೆ. ತಪಾಸಣೆ ಮುಗಿಸಿ ಹೊರಬರಲು ಒಂದು ಗಂಟೆ. ದೇವನಹಳ್ಳಿಯಿಂದ ದಾವಣಗೆರೆಗೆ ಸುಮಾರು ಇನ್ನೂರ ಅರವತ್ತು ಕಿಲೋಮೀಟರು, ಐದು ಗಂಟೆ. ಮನೆಯ ಬಾಗಿಲಿಗೆ ಬರುವಾಗ ಹತ್ತು ಗಂಟೆಯ ಹೊತ್ತು. ಸಾವಾಗಿ ಇಪ್ಪತ್ತೆಂಟು ಗಂಟೆ. ಇದು ಎಲ್ಲವೂ ಅನುಕೂಲವಾದಾಗಿನ ಮಾತು. ಊರು ಬೀದರಿನ ಕಡೆಯದಾದರೆ ಇನ್ನೂ ಹೆಚ್ಚು.

ಆ ರಾತ್ರಿಯ ವಿಮಾನ ತಪ್ಪಿದರೆ, ಅಥವಾ ಅಂದು ನೇರ ವಿಮಾನವೇ ಇಲ್ಲದಿದ್ದರೆ, ಲೆಕ್ಕವೇ ಬೇರೆ. ನೇರ ವಿಮಾನಗಳು ಸಂಸ್ಥೆಗಳ ತೀರ್ಮಾನದಂತೆ ಆರಂಭವಾಗುತ್ತವೆ, ನಿಲ್ಲುತ್ತವೆ, ವಾರದ ಕೆಲವು ದಿನಕ್ಕೆ ಮಾತ್ರ ಇರುತ್ತವೆ. ಹೋದ ವರ್ಷ ಇತ್ತೆಂಬುದು ಈ ವರ್ಷಕ್ಕೆ ಪ್ರಮಾಣವಲ್ಲ. ದುಬೈ ಮೂಲಕ ಬರುವುದಾದರೆ ಹದಿಮೂರು ಸಾವಿರ ಮತ್ತು ಎರಡು ಸಾವಿರದ ಏಳುನೂರು, ಒಟ್ಟು 15,700 ಕಿಲೋಮೀಟರು; ಹಾರಾಟವೇ ಸುಮಾರು ಇಪ್ಪತ್ತು ಗಂಟೆ, ನಡುವಣ ಕಾಯುವಿಕೆ ಸೇರಿ ಇಪ್ಪತ್ತೆರಡು ಇಪ್ಪತ್ಮೂರು ಗಂಟೆ. ಮುಂದಿನ ವಿಮಾನಕ್ಕಾಗಿ ಅಲ್ಲಿಯೇ ಅರ್ಧ ದಿನ ಕಾದಿರಬೇಕಾದೀತು. ಒಟ್ಟಿನಲ್ಲಿ ಸುದ್ದಿ ಮುಟ್ಟಿದ ಗಳಿಗೆಯಿಂದ ಒಂದೂವರೆ ದಿನದೊಳಗೆ ಊರ ಮನೆ ಸೇರಿದವನನ್ನು ಅದೃಷ್ಟವಂತನೆಂದೇ ಹೇಳಬೇಕು. ಎರಡು ದಿನ ಹಿಡಿಯುವುದೇ ಹೆಚ್ಚು.

ಈ ಎಣಿಕೆ ಊರಿನವರಿಗೆ ತಿಳಿಯದಿರುವುದರಿಂದ ಎರಡು ಬಗೆಯ ನೋವುಗಳುಂಟಾಗುತ್ತವೆ. ಇಂದು ರಾತ್ರಿ ಬರುವನೆಂದು ಕಾದು, ಮರುದಿನವೂ ಕಾದು, ಬೇಸಗೆಯ ಬಿಸಿಲಿನಲ್ಲಿ ಬಂಧುಗಳು ಕಂಗಾಲಾಗುವುದು ಒಂದು. ಕಾಯದೆ ಕ್ರಿಯೆ ಮುಗಿಸಿದ ಮೇಲೆ, ಮೂರನೆಯ ದಿನ ಬಂದಿಳಿದ ಮಗನಿಗೆ 'ವಿಮಾನವಿದ್ದೂ ಬರಲಿಲ್ಲ, ಮನಸ್ಸಿದ್ದಿದ್ದರೆ ಬರುತ್ತಿದ್ದ' ಎಂಬ ಮಾತು ಕೇಳಿಬರುವುದು ಇನ್ನೊಂದು. ಎರಡನೆಯದು ಹೆಚ್ಚು ಕ್ರೂರ. ಹದಿನೇಳು ಗಂಟೆಯೆಂಬುದು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕಿರುವ ಹೊತ್ತೇ ಹೊರತು ಒಂದು ಮನೆಯಿಂದ ಇನ್ನೊಂದು ಮನೆಗಿರುವ ಹೊತ್ತಲ್ಲ. ಮಕ್ಕಳು ದೂರದಲ್ಲಿರುವ ಮನೆಗಳವರು ಹಿರಿಯರು ಆರೋಗ್ಯವಾಗಿರುವಾಗಲೇ ಈ ವಿಷಯವನ್ನು ಕುಳಿತು ಮಾತನಾಡಿಕೊಂಡಿರುವುದು ವಿವೇಕ. ಕಾಯಬೇಡಿರೆಂದು ತಾವೇ ಹೇಳಿಟ್ಟ ತಂದೆತಾಯಿಗಳು ಮಕ್ಕಳ ಮೇಲಿನ ದೊಡ್ಡ ಹೊರೆಯೊಂದನ್ನು ಇಳಿಸಿದಂತಾಗುತ್ತದೆ. ಆ ಬಳಿಕ ಮಕ್ಕಳು ಗಣಾರಾಧನೆಯ ವೇಳೆಗೆ ನೆಮ್ಮದಿಯಿಂದ ಬಂದು ಸೇರಬಹುದು.

ಶಾಲೆಯ ಸಮಾರಂಭಗಳನ್ನು ದೂರದಲ್ಲಿದ್ದೇ ನೋಡಬಯಸುವ ಹಳೆಯ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಚಿಕ್ಕ ಲೆಕ್ಕ. ಚಳಿಗಾಲದಲ್ಲಿ ಇಲ್ಲಿ ಸಂಜೆ 6 ಗಂಟೆಗೆ ಪ್ರಾರ್ಥನೆ ಆರಂಭವಾದರೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೇ ದಿನದ ಬೆಳಗಿನ ಜಾವ 4.30, ಬೇಸಗೆಯಲ್ಲಾದರೆ 5.30. ಬೆಳಗ್ಗೆ 10ಕ್ಕೆ ಆರಂಭವಾದರೆ ಅಲ್ಲಿ ಹಿಂದಿನ ದಿನದ ರಾತ್ರಿ 8.30 ಅಥವಾ 9.30. ಕಾರ್ಯಕ್ರಮದ ವೇಳೆಯನ್ನು ಗೊತ್ತುಮಾಡುವವರು ಬೆಳಗಿನ ಹೊತ್ತನ್ನು ಆರಿಸಿಕೊಂಡರೆ ಅಲ್ಲಿಯವರು ಊಟ ಮುಗಿಸಿ, ಮಕ್ಕಳನ್ನೂ ಬಳಿಯಲ್ಲಿ ಕೂರಿಸಿಕೊಂಡು ನೋಡಬಹುದು.